ಎಸ್‌ಎಂಎ: ಮೂರು ಅಂಕದ ಹಿಂದಿನ ಲೆಕ್ಕ

‘ಮಗುವಿನ ಇಂಜೆಕ್ಷನ್‌ಗೆ 16 ಕೋಟಿ ಬೇಕು’ ಅನ್ನೋ ಪೋಸ್ಟ್ ನಿಮ್ಮ ಟೈಮ್‌ಲೈನ್‌ನಲ್ಲೂ ಹಾದುಹೋಗಿರುತ್ತೆ. ಕಾಯಿಲೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಅಂದರೆ ಎಸ್‌ಎಂಎ. ಅಪ್ಪ ಅಮ್ಮ ಇಬ್ಬರಿಂದಲೂ ಎಸ್‌ಎಂಎನ್1 ವಂಶವಾಹಿಯ ದೋಷವಿರುವ ಪ್ರತಿ ಬಂದರೆ ಬೆನ್ನುಹುರಿಯ ಚಲನ ನರಕೋಶಗಳು ಸಾಯುತ್ತಾ ಹೋಗುತ್ತವೆ, ಸ್ನಾಯುಗಳು ಸೊರಗುತ್ತವೆ. ಬೆಲೆಯ ಬಗ್ಗೆ ಎಲ್ಲರೂ ಮಾತಾಡ್ತೇವೆ. ಔಷಧಿ ಕೆಲಸ ಮಾಡ್ತಿದೆ ಅಂತ ಅಳೆಯೋದು ಹೇಗೆ ಅನ್ನೋದನ್ನ ಯಾರೂ ಕೇಳಲ್ಲ.

ಹೆಚ್ಚು ಬಳಕೆಯಲ್ಲಿರುವ ಅಳತೆಗೋಲು ಹ್ಯಾಮರ್‌ಸ್ಮಿತ್ ಸ್ಕೇಲ್. ಅದರ ವಿಸ್ತೃತ ರೂಪದಲ್ಲಿ 33 ಕೆಲಸಗಳಿವೆ: ಕೂರೋದು, ಮಗ್ಗಲು ಹೊರಳೋದು, ನಿಲ್ಲೋದು, ಮೆಟ್ಟಿಲು ಹತ್ತೋದು. ಆಗದಿದ್ದರೆ 0, ಅರೆಬರೆ ಆದರೆ 1, ಪೂರ್ತಿ ಆದರೆ 2. ಒಟ್ಟು 66.

ನುಸಿನರ್ಸೆನ್ ಔಷಧಿಯ ‘ಚೆರಿಶ್’ ಪ್ರಯೋಗದಲ್ಲಿ 126 ಮಕ್ಕಳಿದ್ದರು. 15 ತಿಂಗಳ ನಂತರ ಔಷಧಿ ಪಡೆದವರ ಅಂಕ ಸರಾಸರಿ 3.9 ಏರಿತು, ಪಡೆಯದವರದ್ದು 1 ಇಳಿಯಿತು. 66ರಲ್ಲಿ ನಾಲ್ಕೇ ಅಂಕವಾ ಅಂತ ಮೂಗು ಮುರೀಬೇಡಿ. ಮೂರು ಅಂಕ ಏರಿದರೂ ಅದು ಗಮನಾರ್ಹ ಬದಲಾವಣೆ ಅಂತಲೇ ಆ ಪ್ರಯೋಗ ಲೆಕ್ಕ ಹಾಕಿದ್ದು. ಅದಕ್ಕಿಂತ ಮುಖ್ಯ ಆ ಇಳಿದ 1. ಬಿಟ್ಟರೆ ಕುಸಿಯುವ ಕಾಯಿಲೆಯಲ್ಲಿ ಅಂಕ ಇದ್ದಲ್ಲೇ ನಿಲ್ಲೋದೂ ಗೆಲುವೇ. ‘ಸುಧಾರಣೆ ಕಾಣ್ತಿಲ್ಲ, ಔಷಧಿ ನಿಲ್ಲಿಸಿ’ ಅನ್ನೋ ಫೈಲ್ ಟಿಪ್ಪಣಿ ಎಡವೋದು ಇಲ್ಲೇ.

ಇಂಜಿನಿಯರಿಂಗ್ ಓದಿದವರಿಗೆ ಇನ್ನೊಂದು ತಕರಾರು ತಕ್ಷಣ ಹೊಳೆಯುತ್ತೆ. ಇದು ಸೆಂಟಿಮೀಟರ್ ಅಲ್ಲ. ಕೂರಲು ಕಲಿತು ಗಳಿಸಿದ ಒಂದು ಅಂಕಕ್ಕೂ ಮೆಟ್ಟಿಲು ಹತ್ತಿ ಗಳಿಸಿದ ಒಂದು ಅಂಕಕ್ಕೂ ಸಮ ತೂಕ ಇಲ್ಲ, ಆದರೂ ಕೂಡಿಸ್ತೇವೆ. ಪರೀಕ್ಷೆಯ ದಿನ ಮಗು ಅತ್ತರೆ, ನಿದ್ದೆಗೆಟ್ಟಿದ್ದರೆ ಅಂಕವೂ ಬೀಳುತ್ತೆ. ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಬೇಕು ಅನ್ನೋದು ಅದಕ್ಕೇ.

ಭಾರತದ 2021ರ ಅಪರೂಪದ ಕಾಯಿಲೆಗಳ ನೀತಿ ಎಸ್‌ಎಂಎಯನ್ನು ಮೂರನೇ ಗುಂಪಿಗೆ ಸೇರಿಸಿದೆ: ಚಿಕಿತ್ಸೆ ಇದೆ, ಆದರೆ ಬೆಲೆ ವಿಪರೀತ, ಯಾರಿಗೆ ಪ್ರಯೋಜನ ಅಂತ ಆರಿಸೋದು ಕಷ್ಟ. ನೆರವಿನ ಮಿತಿ 50 ಲಕ್ಷ. ಆರಿಸೋದು ಅಂದಮೇಲೆ ಯಾವ ಅಳತೆಗೋಲಿನಿಂದ ಅನ್ನೋದು ರಾಜಕೀಯ ಪ್ರಶ್ನೆಯೇ, ಬರೀ ಡಾಕ್ಟರುಗಳ ವಿಚಾರ ಅಲ್ಲ.

ಯಾಕೆ ಅಂತೀರಾ? ಕೂರಲಾಗದ ಯುವಕನಿಗೆ ಹ್ಯಾಮರ್‌ಸ್ಮಿತ್‌ನಲ್ಲಿ ಸೊನ್ನೆಯ ಆಸುಪಾಸು ಅಂಕ ಬರುತ್ತೆ, ಔಷಧಿಗೆ ಮೊದಲೂ ಆಮೇಲೂ. ಅದೇ ವ್ಯಕ್ತಿಯನ್ನು ತೋಳು ಕೈಗಳಿಗೆಂದೇ ಮಾಡಿದ ಆರ್‌ಯುಎಲ್‌ಎಂ ಸ್ಕೇಲ್‌ನಲ್ಲಿ ಅಳೆದರೆ ಚಿತ್ರ ಬದಲಾಗಬಹುದು. ಅದರಲ್ಲಿ ಗರಿಷ್ಠ 37 ಅಂಕ. ಲೋಟ ಬಾಯಿಗೆ ತರೋದು, ಕಾಗದ ಹರಿಯೋದು, ಗುಂಡಿ ಒತ್ತಿ ದೀಪ ಹಚ್ಚೋದು ಇಂಥವು ಲೆಕ್ಕಕ್ಕೆ ಬರುತ್ತವೆ. ಎಲೆಕ್ಟ್ರಿಕ್ ವೀಲ್‌ಚೇರ್‌ನ ಜಾಯ್‌ಸ್ಟಿಕ್ ತಿರುಗಿಸೋಕೆ ಬೇಕಾಗಿರೋದು ಆ ಬೆರಳುಗಳೇ.