ಬ್ಯಾಟರಿಗೆ ‘ಸಾಕು’ ಅನ್ನುವವರು ಯಾರು?

ಕಳೆದ ಬೇಸಿಗೆಯಲ್ಲಿ ಶಹಾಪುರದ ಹತ್ತಿರದ ನಮ್ಮೂರಿಗೆ ಹೋದಾಗ ಕಾಕಾನ ಟ್ರ್ಯಾಕ್ಟರ್ ಅಂಗಳದಲ್ಲೇ ನಿಂತಿತ್ತು. ಎರಡು ವರ್ಷದಲ್ಲಿ ಇದು ಎರಡನೇ ಬ್ಯಾಟರಿ. ಬಿತ್ತನೆಗೆ ತಿಂಗಳೂ ಉಳಿದಿರಲಿಲ್ಲ. “ಈಗಿನ ಬ್ಯಾಟ್ರಿ ಮೊದಲಿನಂಗ ಇಲ್ಲಪಾ” ಅಂತ ಕಾಕಾ ಬೈಯುತ್ತಿದ್ದರು. ಊರಿನ ಹಳೇ ಮಿಸ್ತ್ರಿ ಬಂದವರೇ ಪಕ್ಕದ ಮನೆಯ ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿ, ಎಂಜಿನ್ ಚಾಲೂ ಮಾಡಿಸಿ, ಮೀಟರ್ ಹಿಡಿದರು. 15.6 ವೋಲ್ಟ್!

“ಬ್ಯಾಟ್ರಿದು ಏನೂ ತಪ್ಪಿಲ್ರಿ ಗೌಡ್ರ. ಹೊಟ್ಟಿ ತುಂಬಿದ ಮ್ಯಾಲೂ ಉಣಿಸ್ಲಿಕ್ಕತ್ತದ. ಸಾಕು ಅನ್ನೋರೇ ಇಲ್ಲ ಇದಕ್ಕ.”

ಬ್ಯಾಟರಿಗೆ ತಾನಾಗಿ ‘ಸಾಕು’ ಅನ್ನಲು ಬರುವುದಿಲ್ಲ. ತುಂಬಿದ ಮೇಲೂ ಕರೆಂಟ್ ಹರಿದರೆ ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೋಗುತ್ತದೆ. ನೀರು ಇಳಿದು ಪ್ಲೇಟ್ ಒಣಗುತ್ತವೆ, ಸೀಸದ ಜಾಲರಿ ಸವೆಯುತ್ತದೆ.

ಈ ತಲೆನೋವು ಮೋಟಾರು ಕಾರಿನಷ್ಟೇ ಹಳೆಯದು. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಅವರ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಬ್ಯಾಟರಿ, ಅದನ್ನು ತುಂಬಿಸುವ ಡೈನಮೋ ಎರಡೂ ಕಾರುಗಳಲ್ಲಿ ಸಾಮಾನ್ಯವಾದವು. ಎಂಜಿನ್ ನಿಧಾನವಾದಾಗ ಬ್ಯಾಟರಿಯ ಕರೆಂಟ್ ಡೈನಮೋಗೆ ವಾಪಸ್ ಹರಿಯದಂತೆ ತಡೆಯುವುದಕ್ಕೆ ‘ಕಟೌಟ್’ ಇಟ್ಟರು. ನಮ್ಮ ಕಡೆ ಇವತ್ತಿಗೂ ರೆಗ್ಯುಲೇಟರನ್ನು ಕಟೌಟ್ ಅಂತಲೇ ಕರೆಯುವವರಿದ್ದಾರೆ. ಆದರೆ ಮೂಲದ ಕಟೌಟಿಗೆ ಅತಿ ಚಾರ್ಜ್ ತಡೆಯುವ ಕೆಲಸ ಇರಲೇ ಇಲ್ಲ.

ಆ ಕೆಲಸಕ್ಕೆ ಡೈನಮೋದೊಳಗೆ ಮೂರನೇ ಬ್ರಶ್ ಇಟ್ಟರು. ಫೀಲ್ಡ್ ಕಾಯಿಲಿಗೆ ಕರೆಂಟ್ ಕೊಡುವುದು ಇದೇ ಬ್ರಶ್. ವೇಗ ಹೆಚ್ಚಿ ಕರೆಂಟ್ ಏರಿದಂತೆ ಡೈನಮೋದ ಕಾಂತಕ್ಷೇತ್ರ ಓರೆಯಾಗಿ, ಈ ಬ್ರಶ್ಶಿಗೆ ಸಿಗುವ ವೋಲ್ಟೇಜ್ ಇಳಿಯುತ್ತದೆ, ಡೈನಮೋ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಸರಳ ಉಪಾಯ. ಆದರೆ ಒಂದು ಕೊರತೆ: ಬ್ಯಾಟರಿ ಹಸಿದಿದೆಯೋ ತುಂಬಿದೆಯೋ ಅದಕ್ಕೆ ಗೊತ್ತಿಲ್ಲ.

ಹಾಗಾಗಿ ‘ಸಾಕು’ ಅನ್ನುವ ಹೊಣೆ ಡ್ರೈವರನದೇ ಆಯಿತು. ಹಗಲಲ್ಲಿ ದೂರ ಹೋಗುವಾಗ ಹೆಚ್ಚಿನ ಕರೆಂಟ್ ಖರ್ಚಾಗಲಿ ಎಂದು ಹೆಡ್‌ಲೈಟ್ ಉರಿಸುತ್ತಿದ್ದರು. ಆಸ್ಟಿನ್ ಸೆವೆನ್‌ನಂಥ ಬ್ರಿಟಿಷ್ ಕಾರುಗಳಲ್ಲಿ ಬೇಸಿಗೆಗೆ ಅರ್ಧ ಚಾರ್ಜ್, ಚಳಿಗಾಲಕ್ಕೆ ಪೂರ್ತಿ ಚಾರ್ಜ್ ಎಂಬ ಸ್ವಿಚ್ಚೇ ಇತ್ತು. ನಮ್ಮ ಯಾದಗಿರಿ, ಶಹಾಪುರ, ಸುರಪುರಗಳನ್ನು ಆಳುತ್ತಿದ್ದ ನಿಜಾಮ ಸರ್ಕಾರ 1932ರಲ್ಲಿ 27 ವಾಹನಗಳಿಂದ ಬಸ್ ಸೇವೆ ಶುರು ಮಾಡಿದ್ದು ಇದೇ ಡೈನಮೋ ಕಾಲದಲ್ಲಿ.

1930ರ ದಶಕದಲ್ಲಿ ವೋಲ್ಟೇಜ್ ರೆಗ್ಯುಲೇಟರ್ ಬಳಕೆ ಹೆಚ್ಚಿತು. ವೋಲ್ಟೇಜ್ ಏರಿದರೆ ಒಂದು ಕಾಯಿಲ್ ಪಾಯಿಂಟನ್ನು ಎಳೆದು ಫೀಲ್ಡ್ ಕರೆಂಟ್ ತಗ್ಗಿಸುತ್ತದೆ. ಇಳಿದರೆ ಸ್ಪ್ರಿಂಗ್ ಮತ್ತೆ ಕೂಡಿಸುತ್ತದೆ. ಸೆಕೆಂಡಿಗೆ ಹತ್ತಾರು ಸಲ ಇದೇ ಆಟ. ಈಗ ಆಲ್ಟರ್ನೇಟರಿನಲ್ಲಿ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ.

ಸದ್ದಿಲ್ಲದ್ದರಿಂದಲೇ ಅದು ಕೆಟ್ಟದ್ದು ನಮಗೆ ತಿಳಿಯುವುದಿಲ್ಲ. ಅದರಲ್ಲೂ ನಮ್ಮದು 40 ಡಿಗ್ರಿ ದಾಟುವ ಬಿಸಿಲ ನಾಡು. 12 ವೋಲ್ಟ್ ಬ್ಯಾಟರಿಗೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಸರಿ. ಆದರೆ 25 ಡಿಗ್ರಿಯಲ್ಲಿ ಒಗ್ಗಿದ ವೋಲ್ಟೇಜು 45 ಡಿಗ್ರಿಯಲ್ಲಿ ಹೆಚ್ಚಾಗುತ್ತದೆ, ಆಗ ಸುಮಾರು ಅರ್ಧ ವೋಲ್ಟ್ ಕಡಿಮೆ ಬೇಕು. ಹಳೇ ಕಾರಿನವರು ಬೇಸಿಗೆಗೆ ಬೇರೆ ಸ್ವಿಚ್ ಇಟ್ಟಿದ್ದು ಸುಮ್ಮನೆ ಅಲ್ಲ.

ನನ್ನ ವಾದ ಇಷ್ಟೇ: ಹೊಸ ಬ್ಯಾಟರಿಗೆ ದುಡ್ಡು ಎಣಿಸುವ ಮೊದಲು ಎಂಜಿನ್ ಜೋರು ಮಾಡಿಸಿ ವೋಲ್ಟೇಜ್ ಅಳೆಸಿ. ಕಾಕಾಗೆ ಎರಡು ಬ್ಯಾಟರಿ ಮಾರಿದ ಅಂಗಡಿಯವರು ಒಮ್ಮೆಯೂ ಮೀಟರ್ ಹಿಡಿದಿರಲಿಲ್ಲ. ಮತ್ತೆ ಮತ್ತೆ ನೀರು ಇಳಿಯುತ್ತಿದ್ದರೆ, ಬ್ಯಾಟರಿ ಬಿಸಿಯಾಗಿ ಘಾಟು ವಾಸನೆ ಬಂದರೆ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ತುಂಬುವುದು ಡಿಸ್ಟಿಲ್ಡ್ ನೀರೇ ಆಗಿರಲಿ, ಬೋರಿನ ಸವಳು ನೀರು ಬೇಡ. ಮುಚ್ಚಳ ತೆಗೆದಾಗ ಬೀಡಿ ದೂರವಿರಲಿ. ಹೈಡ್ರೋಜನ್‌ಗೆ ಒಂದು ಕಿಡಿ ಸಾಕು, ಆಸಿಡ್ ಸಿಡಿಯುವುದು ಮುಖಕ್ಕೇ.

ಮಿಸ್ತ್ರಿ ರೆಗ್ಯುಲೇಟರ್ ಬದಲಿಸಿದರು, ಮೀಟರ್ 14.1ಕ್ಕೆ ನಿಂತಿತು. ಅದಕ್ಕಾದ ಖರ್ಚು ಹೊಸ ಬ್ಯಾಟರಿಗಿಂತ ಎಷ್ಟೋ ಕಡಿಮೆ. ಆದರೂ ಒಣಗಿದ ಬ್ಯಾಟರಿ ಮರಳಿ ಬರಲಿಲ್ಲ, ಕಾಕಾ ಮೂರನೆಯದನ್ನು ಕೊಳ್ಳಲೇಬೇಕಾಯಿತು. ಈಗ ವಾರಕ್ಕೊಮ್ಮೆ ಮುಚ್ಚಳ ತೆಗೆದು ನೀರು ನೋಡುತ್ತಾರೆ.