ಕಿಶೋರರ ಪತ್ತೇದಾರಿ ಕಾದಂಬರಿ ಮತ್ತು ಇತಿಹಾಸದ ಸಾಕ್ಷ್ಯವಿಚಾರ

ಪತ್ತೇದಾರಿ ಕಾದಂಬರಿಯನ್ನು ಕಾಲಹರಣದ ಸರಕೆಂದು ತಳ್ಳಿಹಾಕುವ ರೂಢಿ ನಮ್ಮ ಅಧ್ಯಾಪಕವರ್ಗದಲ್ಲಿ ಹಳೆಯದು. ಇತಿಹಾಸವನ್ನು ಬೋಧಿಸುವ ನಮಗಾದರೋ ಈ ತಿರಸ್ಕಾರವು ಅವಿಚಾರಿತವೆಂದು ತೋರುತ್ತದೆ. ಸಾಕ್ಷ್ಯವನ್ನು ಎಲ್ಲಿ ನಂಬಬೇಕು, ಎಲ್ಲಿ ಸಂಶಯಿಸಬೇಕು ಎಂಬ ವಿವೇಕವನ್ನು ಬಾಲಕನು ಮೊದಲು ಕಲಿಯುವುದು ಪ್ರಾಯಶಃ ಇಂತಹ ಕಥೆಗಳಲ್ಲಿಯೇ. ಇದನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಪ್ರದೇಶದ ನಿದರ್ಶನಗಳಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಕನ್ನಡದಲ್ಲಿ ಈ ಪ್ರಕಾರವನ್ನು ಜನಪ್ರಿಯಗೊಳಿಸಿದವರಲ್ಲಿ ಎನ್. ನರಸಿಂಹಯ್ಯನವರು (1925–2011) ಪ್ರಮುಖರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆ ಕಂಡ ಇವರು 500ಕ್ಕೂ ಮಿಕ್ಕು ಕಾದಂಬರಿಗಳನ್ನು ರಚಿಸಿದರು. ಕನ್ನಡ ಬಾವುಟದ ಕರ್ತೃವಾದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಇವೆಲ್ಲ ಪ್ರೌಢರಿಗಾಗಿ ಹುಟ್ಟಿದವು; ಕಿಶೋರರು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದರು. ಗೋಕಾಕದ ಸೀಮೆಯು ಕಾದಂಬರಿಗೆ ಬಡವಾದ ನೆಲವಲ್ಲ. ಬೆಟಗೇರಿ ಕೃಷ್ಣಶರ್ಮರೂ ಬಸವರಾಜ ಕಟ್ಟೀಮನಿಯವರೂ ಇಲ್ಲಿಯವರು. ಚಂದ್ರಶೇಖರ ಕಂಬಾರರ ಘೋಡಗೇರಿ ಹುಕ್ಕೇರಿ ತಾಲ್ಲೂಕಿನದು. ಆದರೆ ಅವರ ಒಲವು ಇತಿಹಾಸ, ಸಮಾಜ, ಜಾನಪದಗಳ ಕಡೆಗೆ ಹರಿಯಿತು.

ಕಿಶೋರರಿಗೆಂದೇ ಬರೆದ ರಹಸ್ಯಕಥೆಯ ಲಕ್ಷಣವೇ ಬೇರೆ. ಅಲ್ಲಿ ಅಪರಾಧವು ಲಘು, ಕುತೂಹಲವು ಗುರು; ಸುಳಿವು ಮಗುವಿನ ಕೈಗೆಟುಕುವಂತಿರಬೇಕು. ಜರ್ಮನಿಯ ಎರಿಖ್ ಕೆಸ್ಟ್ನರನ ‘ಎಮಿಲ್ ಮತ್ತು ಪತ್ತೇದಾರರು’ (1929) ಎಂಬ ಕೃತಿಯಲ್ಲಿ ರೈಲಿನಲ್ಲಿ ಹಣ ಕಳೆದುಕೊಂಡ ಹುಡುಗನು ಅದು ತನ್ನದೆಂದು ಸಿದ್ಧಪಡಿಸುವುದು ಹೇಗೆ? ನೋಟುಗಳನ್ನು ಅವನು ಅಂಗಿಗೆ ಗುಂಡುಸೂಜಿಯಿಂದ ಚುಚ್ಚಿಕೊಂಡಿದ್ದನು. ಆ ತೂತುಗಳೇ ಸಾಕ್ಷಿ. ಭೌತಿಕ ಪುರಾವೆಯ ಬಗೆಗೆ ಇದಕ್ಕಿಂತ ತಿಳಿಯಾದ ಪಾಠವನ್ನು ನಾವು ತರಗತಿಯಲ್ಲಿಯೂ ಹೇಳಲಾರೆವು.

ಸುಳ್ಳು ಸುಳಿವಿಗೆ ಮೂಡಲಗಿಯೇ ಉದಾಹರಣೆ. ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣನ ಊರನ್ನು ಹಳೆಯ ಗ್ರಂಥಗಳು ಗೋಕಾಕ ತಾಲ್ಲೂಕಿನಲ್ಲಿ ಹೇಳುತ್ತವೆ, ಈಗಿನ ಪಟ್ಟಿಗಳು ಮೂಡಲಗಿಯಲ್ಲಿ. ಊರು ಕದಲಿಲ್ಲ, 2018ರಲ್ಲಿ ತಾಲ್ಲೂಕು ಬೇರೆಯಾಯಿತು, ಅಷ್ಟೇ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ಹುನ್ನೂರಿನ ವಿಠ್ಠಲ ದೇವಾಲಯವು ನೀರಿಳಿದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಇಂತಹ ವಸ್ತುವು ಕಿಶೋರ ಸಾಹಿತ್ಯಕ್ಕೆ ಒದಗಬಲ್ಲದೆಂಬುದಕ್ಕೆ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಸಾಕ್ಷಿ. ಅದಕ್ಕೆ 2011ರ ಬಾಲಸಾಹಿತ್ಯ ಪುರಸ್ಕಾರವೂ ಸಂದಿದೆ.

ಎಲ್ಲಕ್ಕಿಂತ ಗಹನವಾದ ರಹಸ್ಯವು ಗೋಕಾಕದ ತಾಮ್ರಪಟಗಳಲ್ಲಿದೆ. ರಾಷ್ಟ್ರಕೂಟ ದೇಜ್ಜ ಮಹಾರಾಜನ ಕಾಲದಲ್ಲಿ ಸೇಂದ್ರಕ ವಂಶದ ಇಂದ್ರಣಂದನು ಜೈನಾಚಾರ್ಯ ಆರ್ಯಣಂದಿಗೆ ಭೂಮಿಯನ್ನು ದತ್ತಿಯಾಗಿ ಕೊಟ್ಟನೆಂದು ಅವು ತಿಳಿಸುತ್ತವೆ. ತೇದಿಯೂ ಉಂಟು: ಆಗುಪ್ತಾಯಿಕ ಅರಸರ 845ನೆಯ ವರ್ಷ. ಆದರೆ ಯಾರು ಈ ಆಗುಪ್ತಾಯಿಕರು? ಎಣಿಕೆ ಎಂದಿನಿಂದ? ಜೈನ ಸಂಪ್ರದಾಯವು ಚಂದ್ರಗುಪ್ತ ಮೌರ್ಯನಿಗೆ ಹೇಳುವ ಕ್ರಿ.ಪೂ. 313ರಿಂದ ಲೆಕ್ಕಹಾಕಿದರೆ ಕ್ರಿ.ಶ. 532 ಬರುತ್ತದೆ. ಲಿಪಿಯ ರೂಪವೂ ಸುಮಾರು 6–7ನೆಯ ಶತಮಾನವನ್ನೇ ಸೂಚಿಸುವುದರಿಂದ ಊಹೆಯು ಅಸಂಗತವಲ್ಲ. ಆದರೂ ಅದು ಊಹೆಯೇ. ಮಾನ್ಯಖೇಟದ ಮನೆತನದೊಡನೆ ದೇಜ್ಜನ ಸಂಬಂಧವೂ ಇತ್ಯರ್ಥವಾಗಿಲ್ಲ.

ವಿದ್ಯಾರ್ಥಿಗಳ ಮುಂದೆ ಈ ಶಾಸನವನ್ನು ಪತ್ತೇದಾರಿ ಪ್ರಕರಣದಂತೆಯೇ ಇಡಬಹುದು: ಏನು ಬರೆದಿದೆ, ಏನನ್ನು ನಾವು ಕೂಡಿಸುತ್ತಿದ್ದೇವೆ ಎಂಬುದನ್ನು ಎರಡು ಪಟ್ಟಿಗಳಾಗಿ ಬೇರ್ಪಡಿಸಲು ಹೇಳಬೇಕು. ಕಾದಂಬರಿಕಾರನು ಕಡೆಯ ಅಧ್ಯಾಯದಲ್ಲಿ ಗಂಟನ್ನು ಬಿಚ್ಚಲೇಬೇಕು. ನಮಗೆ ಆ ನಿರ್ಬಂಧವೂ ಇಲ್ಲ, ಸ್ವಾತಂತ್ರ್ಯವೂ ಇಲ್ಲ. ಅದೇ ಎಣಿಕೆಯ ತೇದಿಯನ್ನೂ ಕಾಲ ತಿಳಿದ ಅರಸನೊಬ್ಬನ ಹೆಸರನ್ನೂ ಒಟ್ಟಿಗೆ ಹೊತ್ತ ಇನ್ನೊಂದು ಶಾಸನವು ದೊರೆತಲ್ಲದೆ ಗೋಕಾಕದ ಪ್ರಕರಣವು ಮುಗಿಯಲಾರದು.