ಹೊಟ್ಟೆಯೊಳಗಿನ ದೊಡ್ಡಿಗೆ ಮೇವು ಹಾಕಿದ್ದೀರಾ?

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಗೆ ಆ ಹೆಸರಿನ ಅರ್ಥ ಏನೆಂದು ಅಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಮ್ಮೆಯೂ ಗೊತ್ತು, ದೊಡ್ಡಿಯೂ ಗೊತ್ತು. ದೊಡ್ಡಿಯಲ್ಲಿ ಕೂಡಿದ ದನಕ್ಕೆ ಹೊತ್ತಿಗೆ ಸರಿಯಾಗಿ ಮೇವು ಬೀಳದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತು. ಅದು ಸುಮ್ಮನೆ ನಿಲ್ಲುವುದಿಲ್ಲ, ಬೇಲಿಗೇ ಬಾಯಿ ಹಾಕುತ್ತದೆ.

ನಮ್ಮೆಲ್ಲರ ಹೊಟ್ಟೆಯೊಳಗೂ ಇಂಥದೊಂದು ದೊಡ್ಡಿ ಇದೆ. ಅದು ದೊಡ್ಡ ಕರುಳು. ಅಲ್ಲಿ ಕೂಡಿರುವುದು ಬ್ಯಾಕ್ಟೀರಿಯಾಗಳ ಹಿಂಡು. 2016ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕದ ಪ್ರಕಾರ 70 ಕಿಲೋ ತೂಗುವ ಮನುಷ್ಯನೊಬ್ಬನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ! ಆದರೆ ಇಡೀ ಹಿಂಡಿನ ತೂಕ ಕಾಲು ಕಿಲೋ ಕೂಡ ಇಲ್ಲ. ಹೆಚ್ಚಿನವೆಲ್ಲ ಇರುವುದು ದೊಡ್ಡ ಕರುಳಿನಲ್ಲೇ.

ಇವು ತಿನ್ನುವುದೇನು? ನಾವು ತಿಂದು ಜೀರ್ಣಿಸಿಕೊಳ್ಳಲಾಗದೆ ಬಿಟ್ಟದ್ದನ್ನು. ಅನ್ನದ ಪಿಷ್ಟ, ಬೇಳೆಯ ಪ್ರೋಟೀನು, ಎಣ್ಣೆಯ ಕೊಬ್ಬು ಬಹುಪಾಲು ಸಣ್ಣ ಕರುಳಿನಲ್ಲೇ ರಕ್ತ ಸೇರುತ್ತವೆ. ನಾರು ಮಾತ್ರ ಹಾಗೆಯೇ ಕೆಳಗಿಳಿಯುತ್ತದೆ. ಅದನ್ನು ಒಡೆಯುವ ಕಿಣ್ವಗಳು ನಮ್ಮಲ್ಲಿಲ್ಲ. ಹಿಂದೆ ಇದನ್ನು ಬರೀ ಕಸ, ಮಲ ಸಲೀಸಾಗಿ ಹೋಗಲು ನೆರವಾಗುವ ಹೊಟ್ಟು ಎಂದಷ್ಟೇ ಪುಸ್ತಕಗಳು ಹೇಳುತ್ತಿದ್ದವು. 1995ರಲ್ಲಿ ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರಾಬರ್‌ಫ್ರಾಯ್ಡ್ ಎಂಬಿಬ್ಬರು ಈ ನಾರುಗಳಲ್ಲಿ ಕೆಲವಕ್ಕೆ ಹೊಸ ಹೆಸರಿಟ್ಟರು: ಪ್ರೀಬಯಾಟಿಕ್. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಆಯ್ದು ಬೆಳೆಸುವ ಆಹಾರ ಎಂದು ಅರ್ಥ. ಇದಕ್ಕೂ ಪ್ರೋಬಯಾಟಿಕ್‌ಗೂ ಗಲಿಬಿಲಿ ಮಾಡಿಕೊಳ್ಳುವವರು ಬಹಳ. ಪ್ರೋಬಯಾಟಿಕ್ ಎಂದರೆ ಹೊರಗಿನಿಂದ ತಂದು ಬಿಡುವ ದನ. ಪ್ರೀಬಯಾಟಿಕ್ ಎಂದರೆ ದೊಡ್ಡಿಯಲ್ಲಿರುವ ದನಕ್ಕೆ ಹಾಕುವ ಮೇವು.

ಬೆಣ್ಣೆ ಚಾವಡಿಯ ಪಾಠ

ಎಮ್ಮೆದೊಡ್ಡಿಯ ನೆರೆಯ ಸೀಮೆ ಅಜ್ಜಂಪುರ. ಅಲ್ಲಿ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಮೈಸೂರಿನ ಅರಸರ ಕಾಲದಲ್ಲಿ ಈ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪು ಅದನ್ನು ಅಮೃತಮಹಲ್ ಎಂದು ಬದಲಿಸಿದ. ಕಾವಲಿನ ಒಣಹುಲ್ಲು ಮೇಯ್ದೇ ಗಟ್ಟಿಮುಟ್ಟಾಗುವ ದನ ಅದು. ಆದರೆ ಹುಲ್ಲಿನ ನಾರನ್ನು ಒಡೆಯುವ ಶಕ್ತಿ ದನಕ್ಕೂ ಇಲ್ಲ! ಅದರ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿ ಹಿಡಿಸಿ ಒಂದಿಷ್ಟು ಆಮ್ಲಗಳನ್ನು ತಯಾರಿಸುತ್ತವೆ. ದನ ಬದುಕುವುದು ಹೆಚ್ಚಾಗಿ ಆ ಆಮ್ಲಗಳ ಮೇಲೆ. ಅವುಗಳಲ್ಲಿ ಒಂದರ ಹೆಸರು ಬ್ಯುಟಿರಿಕ್ ಆಮ್ಲ. ಮೊದಲು ಸಿಕ್ಕಿದ್ದು ಬೆಣ್ಣೆಯಲ್ಲಿ, ಹೆಸರು ಬಂದದ್ದೂ ಬೆಣ್ಣೆಯಿಂದಲೇ.

ಸೋಜಿಗವೆಂದರೆ ಇದೇ ‘ಬೆಣ್ಣೆ ಆಮ್ಲ’ ನಮ್ಮ ದೊಡ್ಡ ಕರುಳಿನಲ್ಲೂ ತಯಾರಾಗುತ್ತದೆ. ಕರುಳಿನ ಒಳಗೋಡೆಯ ಕೋಶಗಳು ತಮಗೆ ಬೇಕಾದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಪಡೆಯುವುದು ರಕ್ತದಿಂದಲ್ಲ, ಬ್ಯಾಕ್ಟೀರಿಯಾ ಕೊಡುವ ಈ ಆಮ್ಲದಿಂದ. ಅದೂ ಒಂದೇ ಬ್ಯಾಕ್ಟೀರಿಯಾದ ಕೆಲಸವಲ್ಲ. ಬಿಫಿಡೋಬ್ಯಾಕ್ಟೀರಿಯಾ ಎಂಬವು ನಾರನ್ನು ತಿಂದು ಬೇರೆ ಆಮ್ಲಗಳನ್ನು ಬಿಡುತ್ತವೆ. ಅದನ್ನು ಇನ್ನೊಂದು ಜಾತಿಯವು ತಿಂದು ಬೆಣ್ಣೆ ಆಮ್ಲ ಮಾಡುತ್ತವೆ. ಒಬ್ಬರ ಎಂಜಲು ಇನ್ನೊಬ್ಬರಿಗೆ ಊಟ.

ಬಿಫಿಡೋಬ್ಯಾಕ್ಟೀರಿಯಾ ಮೊದಲು ಪತ್ತೆಯಾದದ್ದು 1899ರ ಸುಮಾರಿಗೆ, ಪ್ಯಾರಿಸ್‌ನಲ್ಲಿ, ಎದೆಹಾಲು ಕುಡಿಯುವ ಕೂಸುಗಳ ಮಲದಲ್ಲಿ. ತಾಯಿಯ ಹಾಲಿನಲ್ಲಿ ಕೂಸಿಗೆ ಜೀರ್ಣವೇ ಆಗದ ಸಕ್ಕರೆ ಸರಪಳಿಗಳು ಧಾರಾಳವಾಗಿವೆ. ಕೂಸಿಗೆ ದಕ್ಕದ್ದನ್ನು ತಾಯಿ ಯಾಕೆ ಕೊಡುತ್ತಾಳೆ? ಕೂಸಿನ ಕರುಳಲ್ಲಿರುವ ಬ್ಯಾಕ್ಟೀರಿಯಾಗಳಿಗೆ! ಜಗತ್ತಿನ ಮೊದಲ ಪ್ರೀಬಯಾಟಿಕ್ ಎದೆಹಾಲೇ.

ರಾಗಿ, ಹುರುಳಿ, ಈರುಳ್ಳಿ

ಕಡೂರು, ತರೀಕೆರೆ, ಅಜ್ಜಂಪುರದ ಅಡುಗೆಮನೆಗೆ ಈಗ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಪಟ್ಟಿಯಲ್ಲಿ ನೂರು ಗ್ರಾಂ ರಾಗಿಗೆ ಸುಮಾರು 11 ಗ್ರಾಂ ನಾರು, ಪಾಲಿಷ್ ಅಕ್ಕಿಗೆ 3 ಗ್ರಾಂಗಿಂತ ಕಡಿಮೆ. ಅಕ್ಕಿಯಂತೆ ರಾಗಿಯ ಹೊರಪದರವನ್ನು ಸುಲಭವಾಗಿ ತೆಗೆಯಲು ಬರುವುದಿಲ್ಲ. ಕಾಳು ಅಷ್ಟು ಸಣ್ಣದು, ಸಿಪ್ಪೆ ಅಷ್ಟು ಬಿಗಿ. ಹಾಗಾಗಿ ಸಿಪ್ಪೆಯ ಸಮೇತ ಬೀಸಿ ತಿನ್ನುತ್ತಾ ಬಂದೆವು, ಅದೇ ವರವಾಯಿತು. (ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ಉಳಿದದ್ದನ್ನು ಕೋಳಿಗೆ ಹಾಕುವ ಅಮ್ಮಂದಿರು ಇಲ್ಲಿ ಸ್ವಲ್ಪ ಯೋಚಿಸಬೇಕು.) ಈ ನಾರಿನಲ್ಲಿ ಒಂದು ಭಾಗ ಬ್ಯಾಕ್ಟೀರಿಯಾಗಳಿಗೆ ಮೇವಾಗುತ್ತದೆ, ಉಳಿದದ್ದು ಹೊಟ್ಟಾಗಿ ಹೊರಬೀಳುತ್ತದೆ. ಎರಡೂ ಬೇಕು. ಮೊಳಕೆ ಕಟ್ಟಿದಾಗ ರಾಗಿಯ ನಾರು ಹೇಗೆ ಬದಲಾಗುತ್ತದೆ ಎಂಬುದನ್ನು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅಭ್ಯಾಸ ಮಾಡಿದ್ದಾರೆ.

ರಾತ್ರಿಯ ಮುದ್ದೆಯೋ ಅನ್ನವೋ ಉಳಿದು ತಣ್ಣಗಾದಾಗ ಅದರ ಪಿಷ್ಟದ ಒಂದಂಶ ಮತ್ತೆ ಗಟ್ಟಿ ಕಟ್ಟಿಕೊಂಡು ನಮ್ಮ ಕಿಣ್ವಗಳಿಗೆ ಬಗ್ಗುವುದಿಲ್ಲ. ಅದು ನೇರ ದೊಡ್ಡ ಕರುಳಿಗೆ ಇಳಿಯುತ್ತದೆ. ತಂಗಳಿಗೆ ಮಜ್ಜಿಗೆ ಹಾಕಿ ಉಣ್ಣುತ್ತಿದ್ದ ಅಜ್ಜಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ, ಅಷ್ಟೆ. ಹುರುಳಿ, ಅವರೆ, ಅಲಸಂದೆಗಳಲ್ಲಿರುವ ಸಣ್ಣ ಸಕ್ಕರೆ ಸರಪಳಿಗಳೂ ಹೀಗೆಯೇ ಕೆಳಗಿಳಿಯುತ್ತವೆ. ತರಗತಿಯಲ್ಲಿ ಹುಡುಗರು ಒಬ್ಬರನ್ನೊಬ್ಬರು ನೋಡಿ ನಗುವಂತೆ ಮಾಡುವ ಆ ‘ವಾಯು’ ಇವೇ ಬ್ಯಾಕ್ಟೀರಿಯಾಗಳು ಊಟ ಮಾಡಿದ ಗುರುತು.

ಇನ್ನು ಈರುಳ್ಳಿ. ಈ ಸೀಮೆಯ ಹೊಲಗಳಲ್ಲಿ ಬೆಳೆಯುವ, ಬೆಲೆ ಬಿದ್ದ ವರ್ಷ ರೈತನನ್ನು ಅಳಿಸುವ ಈರುಳ್ಳಿಯಲ್ಲಿ ಫ್ರಕ್ಟಾನ್ ಎಂಬ ನಾರಿದೆ. ಬೆಳ್ಳುಳ್ಳಿಯಲ್ಲಿ ಇನ್ನೂ ಹೆಚ್ಚು. ಔಷಧಿ ಅಂಗಡಿಯ ದುಬಾರಿ ಡಬ್ಬಿಯಲ್ಲಿ ಸಿಗುವ ಇನ್ಯುಲಿನ್ ಕೂಡ ಇದೇ ವಂಶದ್ದು. ಫ್ರಕ್ಟಾನ್ ನೀರಿನಲ್ಲಿ ಕರಗುವುದರಿಂದ ಬೇಯಿಸಿದಾಗ ಸಾರಿಗೆ ಇಳಿಯುತ್ತದೆ, ಹಾಳಾಗುವುದಿಲ್ಲ. ಡಬ್ಬಿಯ ಇನ್ಯುಲಿನ್ ಹೆಚ್ಚಾಗಿ ಬರುವುದು ಚಿಕೋರಿ ಬೇರಿನಿಂದ. ಹೌದು, ನಮ್ಮ ಜಿಲ್ಲೆಯ ಕಾಫಿಪುಡಿಗೆ ಬೆರೆಸುವ ಅದೇ ಚಿಕೋರಿ. ಹಾಗೆಂದು ಕಾಫಿ ಲೋಟವನ್ನು ಔಷಧವೆಂದು ತಿಳಿಯಬೇಡಿ. ಹುರಿಯುವಾಗ ಅದರ ಇನ್ಯುಲಿನ್ ಬಹಳಷ್ಟು ಒಡೆದುಹೋಗಿರುತ್ತದೆ.

ಹಸಿದ ದನ ಬೇಲಿ ತಿಂದಾಗ

ನಾರು ಸಿಗದಿದ್ದರೆ? 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಮನುಷ್ಯನ ಕರುಳಿನ 14 ಜಾತಿಯ ಬ್ಯಾಕ್ಟೀರಿಯಾಗಳನ್ನು ಕೊಟ್ಟು, ಕೆಲವಕ್ಕೆ ನಾರಿಲ್ಲದ ಆಹಾರ ಹಾಕಿದರು. ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗಿದವು. ಪದರ ತೆಳುವಾಯಿತು. ರೋಗಾಣು ಬಂದಾಗ ಆ ಇಲಿಗಳೇ ಹೆಚ್ಚು ನರಳಿದವು.

ಇಲಿಯ ಕಥೆ ಮನುಷ್ಯನಿಗೆ ಹಾಗೆಯೇ ಹೊಂದಬೇಕಿಲ್ಲ, ನಿಜ. ಆದರೆ 2015ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ 20 ಆಫ್ರಿಕನ್ ಮೂಲದವರು ಮತ್ತು ದಕ್ಷಿಣ ಆಫ್ರಿಕದ ಹಳ್ಳಿಯ 20 ಮಂದಿ ಎರಡು ವಾರ ಊಟ ಅದಲು ಬದಲು ಮಾಡಿಕೊಂಡ ಅಧ್ಯಯನ ಹೊರಬಂತು. ಹಳ್ಳಿಯವರ ಊಟ ನಮ್ಮ ಮುದ್ದೆಯ ದಾಯಾದಿಯೇ: ಮೆಕ್ಕೆಜೋಳದ ಹಿಟ್ಟಿನ ಗಂಜಿ, ಕಾಳು, ಸೊಪ್ಪು. ಅದನ್ನು ಉಂಡ ಅಮೆರಿಕದವರ ಕರುಳಿನಲ್ಲಿ ಬೆಣ್ಣೆ ಆಮ್ಲ ಎರಡೂವರೆ ಪಟ್ಟಾಯಿತು, ಉರಿಯೂತದ ಗುರುತುಗಳು ತಗ್ಗಿದವು. ಮಾಂಸ, ಕೊಬ್ಬು ಹೆಚ್ಚಿದ್ದ ಊಟಕ್ಕೆ ಬದಲಾದ ಹಳ್ಳಿಯವರಲ್ಲಿ ಆಮ್ಲ ಅರ್ಧಕ್ಕಿಳಿಯಿತು. ಎರಡೇ ವಾರದಲ್ಲಿ!

ನಮ್ಮ ಮಕ್ಕಳು ಪಿಯುಸಿಗೆಂದು ಪಟ್ಟಣದ ಹಾಸ್ಟೆಲ್ ಸೇರಿದಾಗ ಆಗುವುದೂ ಇಂಥದೇ ಅದಲು ಬದಲು. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬಿಳಿ ಅನ್ನ ತಿಳಿಸಾರು, ಸಂಜೆ ಬಿಸ್ಕತ್ತು, ನೂಡಲ್ಸ್. ನಾಲ್ಕು ದಿನಕ್ಕೊಮ್ಮೆ ಮಲವಿಸರ್ಜನೆ ಎಂದು ಯಾರಿಗೂ ಹೇಳದೆ ಒದ್ದಾಡುವ ಮಕ್ಕಳೆಷ್ಟು! ಎರಡು ಸಾವಿರ ಕ್ಯಾಲೊರಿಯ ಊಟದಲ್ಲಿ ದಿನಕ್ಕೆ 30 ಗ್ರಾಂ ನಾರಿರಬೇಕು ಎಂದು ರಾಷ್ಟ್ರೀಯ ಪೋಷಣ ಸಂಸ್ಥೆ ಹೇಳುತ್ತದೆ. ಮೇಲಿನ ಊಟದಲ್ಲಿ ಅದರ ಅರ್ಧ ಸಿಕ್ಕರೂ ಪುಣ್ಯ. ಮನೆಯಲ್ಲೂ ‘ನೆಂಟರು ಬಂದಿದ್ದಾರೆ, ಮುದ್ದೆ ಬೇಡ’ ಎನ್ನುವ ನಾಚಿಕೆ ಇನ್ನೂ ಹೋಗಿಲ್ಲ.

ಆದರೆ ಲೇಖನ ಓದಿದ ಉತ್ಸಾಹದಲ್ಲಿ ಮರುದಿನವೇ ಬಟ್ಟಲು ತುಂಬ ಮೊಳಕೆ ಹುರುಳಿ ತಿನ್ನಬೇಡಿ. ಹೊಟ್ಟೆ ಉಬ್ಬರಿಸಿ ಮೂರನೇ ದಿನ ಕೈಬಿಡುತ್ತೀರಿ. ಹಿಂಡು ಬೆಳೆಯಲು ಕೆಲವು ವಾರ ಬೇಕು, ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ಕಾಳು ನೆನೆಸಿದ ನೀರು ಚೆಲ್ಲಿದರೆ ವಾಯು ಒಂದಷ್ಟು ಕಡಿಮೆ. ಈರುಳ್ಳಿ, ಬೆಳ್ಳುಳ್ಳಿ ತಿಂದರೆ ಹೊಟ್ಟೆನೋವು ಬರುವ ಕೆಲವರಿದ್ದಾರೆ, ಅವರಿಗೆ ಒತ್ತಾಯ ಬೇಡ, ವೈದ್ಯರನ್ನು ಕಾಣಲಿ. ಎಲ್ಲರ ಹಿಂಡೂ ಒಂದೇ ತರಹದ್ದಲ್ಲ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಹತ್ತು ವಾರ ಬರೀ ನಾರು ಹೆಚ್ಚಿಸಿದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಜಾತಿ ವೈವಿಧ್ಯ ಹೆಚ್ಚಲಿಲ್ಲ. ಮೊಸರಿನಂಥ ಹುದುಗಿಸಿದ ಆಹಾರ ತಿಂದವರಲ್ಲಿ ಹೆಚ್ಚಿತು. ಮುದ್ದೆಯ ಜೊತೆ ಮಜ್ಜಿಗೆ ಬಿಡಬಾರದು ಎನ್ನಲು ನನಗೆ ಇಷ್ಟು ಸಾಕು.

ರಜೆ ಮುಗಿಸಿ ಹೊರಟ ಮಗನ ಚೀಲಕ್ಕೆ ಬಿಸ್ಕತ್ತಿನ ಪೊಟ್ಟಣ ತುರುಕುವ ಬದಲು ಒಂದು ಡಬ್ಬಿ ರಾಗಿ ಹುರಿಹಿಟ್ಟು, ಒಂದಿಷ್ಟು ಹುರಿಗಡಲೆ, ಕಡಲೆಕಾಯಿ ಹಾಕಿಕೊಡಿ. ಮಜ್ಜಿಗೆ ಸಿಕ್ಕರೆ ಅದರಲ್ಲಿ, ಇಲ್ಲದಿದ್ದರೆ ಹಾಲಿನಲ್ಲಿ ಹುರಿಹಿಟ್ಟು ಕಲಸಿಕೊಳ್ಳಬಹುದು, ಒಲೆಯೇ ಬೇಡ. ನೀರು ಹೆಚ್ಚಾಗಿ ಕುಡಿಯಲು ಮರೆಯದೆ ಹೇಳಿ. ನೀರಿಲ್ಲದ ನಾರು ಕರುಳಲ್ಲಿ ಗಟ್ಟಿಯಾಗಿ ಕೂರುತ್ತದೆ.